ವಾರಕ್ಕೊಮ್ಮೆ ಎರಡು ಸಾವಿರ ಪೆಟ್ಟು

— ಮೇಡಂ, ಕೊಟೇಶನ್ ತಂದಿದ್ದೀನಿ. ನೀವೊಂದು ಸಲ ನೋಡಿ ಸರಿ ಅಂದ್ರೆ ನಾಳೆ ಬ್ಯಾಂಕಿಗೆ ಹೋಗ್ತೀನಿ.

— ಕೂತ್ಕೊ ಮೊದಲು. ಸಾಗರದಿಂದ ಶಿವಮೊಗ್ಗದವರೆಗೂ ಬಸ್ಸಲ್ಲಿ ನಿಂತ್ಕೊಂಡೇ ಬಂದ ಹಾಗಿದೆ. ಎಲ್ಲಿ, ಕೊಡು. 9 ಲಕ್ಷ. ರೇಡಿಯಲ್ ಶಾಕ್‌ವೇವ್ ಯಂತ್ರ, ಟ್ರಾಲಿ, ಒಂದು ದಿನದ ತರಬೇತಿ. ಹಿಂದುಗಡೆ ಪೆನ್ನಲ್ಲಿ ಗೀಚಿರೋ ಈ ಲೆಕ್ಕ ಯಾರದ್ದು?

— ಮಾರೋಕೆ ಬಂದಿದ್ದವರು ಬರೆದುಕೊಟ್ಟಿದ್ದು. ದಿನಕ್ಕೆ 5 ಸಿಟ್ಟಿಂಗ್, ಸಿಟ್ಟಿಂಗಿಗೆ ಸಾವಿರ ರೂಪಾಯಿ, ತಿಂಗಳಿಗೆ 25 ದಿನ. ಒಟ್ಟು 1,25,000. ಮೂರು ವರ್ಷದ ಸಾಲ ಮಾಡಿದ್ರೆ ಕಂತು ತಿಂಗಳಿಗೆ 30 ಸಾವಿರದ ಹತ್ತಿರ ಬರುತ್ತೆ. ಯಂತ್ರ ತನ್ನ ಸಾಲ ತಾನೇ ತೀರಿಸಿಕೊಳ್ಳುತ್ತೆ ಅಂದ್ರು.

— ಈ ಕಾಗದ ಇಲ್ಲೇ ಇರಲಿ, ಆಮೇಲೆ ನೋಡೋಣ. ನಾವು ಫಿಸಿಯೋಗಳು ಕೊಡೋ ಚಿಕಿತ್ಸೆಗೆ ನಿನ್ನ ಊರಿನವರು ಏನಂತಾರೆ?

— ಕರೆಂಟ್. ಅಲ್ಟ್ರಾಸೌಂಡ್ ಕೊಟ್ರೂ ಕರೆಂಟ್, ಐಎಫ್‌ಟಿ ಕೊಟ್ರೂ ಕರೆಂಟ್. ‘ಹತ್ತು ದಿನ ಕರೆಂಟ್ ಇಡಿಸ್ಕೊಂಡು ಬಂದೆ’ ಅಂತಾರೆ.

— ಹಾಗಿದ್ರೆ ‘ಶಾಕ್‌ವೇವ್’ ಅಂದಾಗ ಅವರ ಮನಸ್ಸಲ್ಲಿ ಏನು ಮೂಡುತ್ತೆ, ಯೋಚಿಸು. ಎಂಟು ವರ್ಷದ ಹಿಂದೆ ನನ್ನ ಯಂತ್ರ ಬಂದ ವಾರವೇ ಒಬ್ಬ ಅಂಗನವಾಡಿ ಟೀಚರ್‌ಗೆ ‘ನಾಳೆ ಶಾಕ್‌ವೇವ್ ಶುರು ಮಾಡೋಣ’ ಅಂದೆ. ಆಯ್ತು ಅಂತ ಹೋದವರು ಮತ್ತೆ ಬರಲಿಲ್ಲ. ತಲೆಗೆ ಶಾಕ್ ಕೊಡೋದು ಸಿನಿಮಾದಲ್ಲಿ ನೋಡಿದ್ರಂತೆ, ಹೆದರಿಬಿಟ್ರು. ತಪ್ಪು ನನ್ನದು. ಹೆಸರು ಹೇಳಿದೆ, ಅರ್ಥ ಹೇಳಲಿಲ್ಲ. ಈಗ ಮೊದಲ ಮಾತೇ ಅದು: ‘ಅಮ್ಮಾ, ಇದರಲ್ಲಿ ನಿಮ್ಮ ಮೈಗೆ ಕರೆಂಟ್ ಹೋಗಲ್ಲ. ಕರೆಂಟ್ ಯಂತ್ರಕ್ಕೆ ಮಾತ್ರ. ನಿಮಗೆ ಸಿಗೋದು ಪೆಟ್ಟು.’

— ಪೆಟ್ಟು ಅಂದ್ರೆ ಇನ್ನೂ ಹೆದರಲ್ವಾ?

— ಇಲ್ಲ. ಪೆಟ್ಟು ಅಂದ್ರೇನು ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದಕ್ಕೆ ಜನ ಹೆದರೋದು. ಕಿಡ್ನಿ ಕಲ್ಲು ಹೊರಗಿನಿಂದಲೇ ಒಡೆಯೋ ಯಂತ್ರದ ಹೆಸರು ಕೇಳದವರು ಕಡಿಮೆ. ಇದು ಆ ಮನೆತನದ್ದೇ, ದೂರದ ನೆಂಟ ಅಂತೀನಿ.

— ನಂಟು ಅಷ್ಟು ಹತ್ತಿರದ್ದಾ? ತರಬೇತಿಯಲ್ಲಿ ಒಂದು ಸ್ಲೈಡ್ ತೋರಿಸಿ ಮುಂದೆ ಹೋಗಿಬಿಟ್ರು.

— ಅಲ್ಲಿಂದಲೇ ಶುರು. ಜರ್ಮನಿಯಲ್ಲಿ ಡಾರ್ನಿಯರ್ ಅಂತ ವಿಮಾನ ಕಟ್ಟೋ ಕಂಪನಿ. ಶಬ್ದಕ್ಕಿಂತ ವೇಗವಾಗಿ ಹಾರೋ ವಿಮಾನಕ್ಕೆ ಮಳೆಹನಿ ಬಡಿದರೂ ಲೋಹಕ್ಕೆ ಏಟಾಗುತ್ತೆ. ಆ ಏಟಿನ ಅಲೆ ಒಳಗೆ ಹೇಗೆ ಸಾಗುತ್ತೆ ಅಂತ ಹುಡುಕ್ತಾ ಹೋದವರಿಗೆ, ಇದೇ ಅಲೆಯನ್ನ ನೀರಿನ ಮೂಲಕ ದೇಹದೊಳಗೆ ಕಳಿಸಬಹುದಲ್ಲ ಅನ್ನೋದು ಹೊಳೀತು. 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಕ್ರಿಸ್ಟಿಯನ್ ಶಾಸಿ ಮತ್ತು ಜೊತೆಯವರು ಮೊದಲ ರೋಗಿಯನ್ನ ನೀರಿನ ತೊಟ್ಟಿಯಲ್ಲಿ ಕೂರಿಸಿ, ಚಾಕು ಮುಟ್ಟಿಸದೆ ಕಿಡ್ನಿ ಕಲ್ಲು ಒಡೆದರು. ನೀರಿನಡಿ ಒಂದು ಕಿಡಿ, ಅದರ ಅಲೆಯನ್ನ ಕಲ್ಲಿದ್ದ ಜಾಗಕ್ಕೆ ಕೂಡಿಸೋ ಬಟ್ಟಲಿನಂಥ ಪ್ರತಿಫಲಕ.

— ಕಲ್ಲು ಒಡೆಯೋದು ಸರಿ. ನಾವು ಮಾಡೋದು ವಾಸಿ ಮಾಡೋ ಕೆಲಸ ಅಲ್ವಾ?

— ಅಲ್ಲೇ ಕಥೆ ತಿರುಗೋದು. ಮೂತ್ರನಾಳದ ಕೆಳಭಾಗದ ಕಲ್ಲಿಗೆ ಹೊಡೆಯುವಾಗ ಅಲೆ ಸೊಂಟದ ಮೂಳೆಯನ್ನ ಹಾದು ಹೋಗ್ಬೇಕು. ಮೂಳೆಗೆ ಕೇಡಾಗುತ್ತಾ ಅಂತ ಪ್ರಾಣಿಗಳಲ್ಲಿ ನೋಡಿದ್ರು. ಕೇಡಿನ ಬದಲು ಮೂಳೆ ಕಟ್ಟೋ ಜೀವಕೋಶಗಳು ಚುರುಕಾಗಿದ್ದು ಕಾಣಿಸ್ತು. 1991ರಲ್ಲಿ ಬಲ್ಗೇರಿಯಾದ ವಾಲ್ಚನೋವ್, ಮಿಖಾಯ್ಲೋವ್ ಇಬ್ಬರೂ, ಮುರಿದು ಕೂಡದೇ ಉಳಿದ ಮೂಳೆಗಳಿಗೆ ಇದನ್ನ ಬಳಸಿ ಬರೆದರು. ಆಮೇಲೆ ಹಿಮ್ಮಡಿ, ಭುಜ, ಮೊಣಕೈ. ಅಮೆರಿಕದ ಎಫ್‌ಡಿಎ ಹಿಮ್ಮಡಿ ನೋವಿಗೆ ಒಪ್ಪಿಗೆ ಕೊಟ್ಟಿದ್ದು 2000ದಲ್ಲಿ. ಆದರೆ ಅದು ನಿನ್ನ ಕೊಟೇಶನ್ನಿನಲ್ಲಿರೋ ಯಂತ್ರ ಅಲ್ಲ. ಅದು ಫೋಕಸ್ಡ್.

— ಎರಡಕ್ಕೂ ಅಷ್ಟೊಂದು ವ್ಯತ್ಯಾಸ ಇದೆಯಾ? ರೇಡಿಯಲ್ ಅಂದ್ರೆ ಅದೇ ಅಲೆ, ಸ್ವಲ್ಪ ಮೇಲ್ಮಟ್ಟದ್ದು ಅಂದಿದ್ರು.

— ಫೋಕಸ್ಡ್‌ನಲ್ಲಿ ಅಲೆ ಒಳಗೆ ಹೋಗಿ ಒಂದು ಬಿಂದುವಿನಲ್ಲಿ ಕೂಡುತ್ತೆ. ಭೂತಗನ್ನಡಿ ಬಿಸಿಲನ್ನ ಕೂಡಿಸೋ ಹಾಗೆ. ರೇಡಿಯಲ್‌ನಲ್ಲಿ ಒಂದು ಕೊಳವೆ, ಅದರೊಳಗೆ ಸಣ್ಣ ಲೋಹದ ಗುಂಡು. ಕಂಪ್ರೆಸರಿನ ಗಾಳಿ ಆ ಗುಂಡನ್ನ ದೂಡುತ್ತೆ, ಅದು ತುದಿಯ ಅಪ್ಲಿಕೇಟರಿಗೆ ಬಡಿಯುತ್ತೆ, ಆ ಬಡಿತ ಚರ್ಮದಿಂದ ಒಳಕ್ಕೆ ಹರಡುತ್ತೆ. ಚರ್ಮದಲ್ಲಿ ಬಲ ಹೆಚ್ಚು, ಒಳಗೆ ಹೋದ ಹಾಗೆ ಕಡಿಮೆ. ಫೋಕಸ್ಡ್‌ನಲ್ಲಿ ಒತ್ತಡ ಏರೋದು ನ್ಯಾನೋಸೆಕೆಂಡುಗಳಲ್ಲಿ, ರೇಡಿಯಲ್‌ನಲ್ಲಿ ಮೈಕ್ರೋಸೆಕೆಂಡುಗಳಲ್ಲಿ. ಭೌತಶಾಸ್ತ್ರದ ಅರ್ಥದಲ್ಲಿ ರೇಡಿಯಲ್‌ನಿಂದ ಬರೋದು ಶಾಕ್‌ವೇವೇ ಅಲ್ಲ, ಒತ್ತಡದ ಅಲೆ.

— ಹಾಗಾದ್ರೆ ಬೋರ್ಡಿನಲ್ಲಿ ಶಾಕ್‌ವೇವ್ ಅಂತ ಬರೆಸೋದು?

— ಲೋಕವೆಲ್ಲ ಹಾಗೇ ಕರೆಯುತ್ತೆ, ನಾನೂ ಹಾಗೇ ಬರೆಸಿದ್ದೀನಿ. ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಫೋಕಸ್ಡ್ ಯಂತ್ರದಲ್ಲಿ ಮಾಡಿದ ಅಧ್ಯಯನ ಹಿಡ್ಕೊಂಡು ರೇಡಿಯಲ್ ಮಾರ್ತಾರಲ್ಲ, ಅದು ನಿನಗೆ ತಿಳಿದಿರಬೇಕು. ಭುಜದಲ್ಲಿ ಸುಣ್ಣ ಕಟ್ಟಿದ್ದಕ್ಕೆ 2003ರಲ್ಲಿ ಗೆರ್ಡೆಸ್‌ಮೇಯರ್ ತಂಡ 144 ಜನರ ಮೇಲೆ ಮಾಡಿದ ಒಳ್ಳೆಯ ಅಧ್ಯಯನ ಇದೆ. ಅದು ಫೋಕಸ್ಡ್‌ನದ್ದು. ಈ ಬ್ರೋಷರಿನ ಎರಡನೇ ಪುಟದಲ್ಲಿ ಭುಜದ ಚಿತ್ರ ಇದೆ ನೋಡು.

— ಹೌದು. ಪಕ್ಕದಲ್ಲೇ ‘ವೈಜ್ಞಾನಿಕವಾಗಿ ಸಾಬೀತು’ ಅಂತಿದೆ.

— ಆ ಮಂಚದ ಮೇಲೆ ಬೋರಲು ಮಲಗು. ಸಾಕ್ಸ್ ತೆಗಿ.

— ನಂಗೆ ಹಿಮ್ಮಡಿ ನೋವಿಲ್ಲ ಮೇಡಂ.

— ಅದಕ್ಕೇ ಹೇಳಿದ್ದು. ನೋವಿಲ್ಲದ ಹಿಮ್ಮಡಿಗೇ ಹೇಗಿರುತ್ತೆ ಅಂತ ಗೊತ್ತಾಗಲಿ. ಜೆಲ್ ತಣ್ಣಗಿರುತ್ತೆ. 1.5 ಬಾರ್, ಸೆಕೆಂಡಿಗೆ 10 ಪೆಟ್ಟು.

— ಸದ್ದೇ ಇಷ್ಟಿದೆ... ಪರವಾಗಿಲ್ಲ, ತಡ್ಕೋಬಹುದು. ಪಕ್ಕದ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆದ ಹಾಗೆ, ಗೋಡೆ ನನ್ನ ಕಾಲು.

— ಈಗ 2.5.

— ಅಮ್ಮಾ! ಮೂಳೆಗೇ ಹೋಗ್ತಿದೆ. ಸಾಕು ಮೇಡಂ, ಸಾಕು.

— ಇನ್ನೂರೂ ಆಗಿಲ್ಲ. ಪೇಶೆಂಟಿಗೆ 2,000 ಆಗ್ಬೇಕು, ಅಂದ್ರೆ ಇದೇ ವೇಗದಲ್ಲಿ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಒರೆಸ್ಕೊ. ನನ್ನ ಮಣಿಕಟ್ಟನ್ನೂ ನೋಡು. ಪೆಟ್ಟಿನ ಅರ್ಧ ಪಾಲು ಹಿಡಿದವರ ಕೈಗೇ. ದಿನಕ್ಕೆ ಎಂಟು ಜನಕ್ಕಿಂತ ಹೆಚ್ಚು ನಾನು ಮಾಡಲ್ಲ. ರಾತ್ರಿ ಬೆರಳು ಜುಮ್ಮೆನ್ನುತ್ತೆ.

— ಮರಗಟ್ಟಿಸೋ ಇಂಜೆಕ್ಷನ್ ಕೊಡಿಸಿ ಮಾಡಿದ್ರೆ ಸುಲಭ ಅಲ್ವಾ?

— ಸುಲಭ ಆಗುತ್ತೆ, ಗುಣ ಕಡಿಮೆ ಆಗುತ್ತೆ. 2005ರಲ್ಲಿ ಜರ್ಮನಿಯ ರೊಂಪೆ ಅದನ್ನೇ ಪರೀಕ್ಷಿಸಿ ನೋಡಿದ್ರು: ಮರಗಟ್ಟಿಸಿದವರಿಗೆ ಫಲ ಕಡಿಮೆ ಬಂತು. ಇನ್ನೊಂದು, ಮರಗಟ್ಟಿದ ಕಾಲಿನವರು ‘ಇಲ್ಲಿ, ಇಲ್ಲೇ’ ಅಂತ ಜಾಗ ತೋರಿಸಲಾರರು. ಆ ‘ಇಲ್ಲೇ’ ಅನ್ನೋದೇ ನಮಗೆ ದಾರಿ. ಅದಕ್ಕೇ ಮೊದಲ 300 ಪೆಟ್ಟು ಮೆಲ್ಲಗೆ, ಅವರು ತಲೆ ಆಡಿಸಿದ ಮೇಲೆ ಏರಿಸೋದು. 10ರಲ್ಲಿ 5–6ರಷ್ಟು ನೋವು, ತಡೆದುಕೊಳ್ಳೋ ಅಷ್ಟು. ಹಲ್ಲು ಕಚ್ಚಿ ಮಲಗಿದ್ರೆ ನಾನು ನಿಲ್ಲಿಸ್ತೀನಿ.

— ಮೇಡಂ, ಒಂದು ನೇರ ಮಾತು ಕೇಳ್ಲಾ? ಇದರಿಂದ ಗುಣ ಆಗುತ್ತಾ?

— ಆಗುತ್ತೆ. ಎಲ್ಲರಿಗೂ ಅಲ್ಲ, ಎಲ್ಲದಕ್ಕೂ ಅಲ್ಲ. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ರೇಚೆಲ್ ಬುಕ್‌ಬೈಂಡರ್ ತಂಡ 166 ಜನ ಹಿಮ್ಮಡಿ ನೋವಿನವರನ್ನ ಎರಡು ಗುಂಪು ಮಾಡಿತು. ಒಂದಕ್ಕೆ ನಿಜವಾದ ಅಲೆ, ಇನ್ನೊಂದಕ್ಕೆ ಹೆಸರಿಗಷ್ಟೇ. ಮೂರು ತಿಂಗಳಿಗೆ ಎರಡೂ ಗುಂಪು ಸುಧಾರಿಸಿತು, ಒಂದಕ್ಕೊಂದು ವ್ಯತ್ಯಾಸ ಇರಲಿಲ್ಲ. ಮರು ವರ್ಷ ಜರ್ಮನಿಯಲ್ಲಿ 272 ಜನರ ಮೇಲೆ ಮಾಡಿದ್ದರಲ್ಲೂ ಹಾಗೇ, ಅಲ್ಲಿ ಮರಗಟ್ಟಿಸಿ ಮಾಡಿದ್ರು ಅನ್ನೋ ಆಕ್ಷೇಪ ಇದೆ. ಆಮೇಲೆ 2008ರಲ್ಲಿ ರೇಡಿಯಲ್ ಯಂತ್ರದ ದೊಡ್ಡ ಅಧ್ಯಯನ, ತಿಂಗಳುಗಟ್ಟಲೆ ನೋವು ತಿಂದು ಬೇರೆ ಚಿಕಿತ್ಸೆ ಸೋತವರನ್ನೇ ಆರಿಸಿದ್ದು. 12 ವಾರಕ್ಕೆ ನಿಜವಾದ ಪೆಟ್ಟು ಪಡೆದವರಲ್ಲಿ 61% ಜನಕ್ಕೆ ಒಳ್ಳೆಯ ಫಲ.

— ಒಳ್ಳೇ ಸಂಖ್ಯೆ ಅಲ್ವಾ? ಅದನ್ನೇ ಬೋರ್ಡಿಗೆ ಹಾಕಬಹುದು.

— ಇನ್ನೊಂದು ಸಂಖ್ಯೆ ಕೇಳು. ಹೆಸರಿಗಷ್ಟೇ ಪೆಟ್ಟು ಪಡೆದವರಲ್ಲೂ 42% ಜನಕ್ಕೆ ಒಳ್ಳೆಯದಾಯ್ತು. ನೂರು ಜನ ಗುಣವಾಗಿ ಬಂದು ನಿನ್ನ ಕೈ ಹಿಡಿದು ‘ನೀವು ದೇವರು’ ಅಂದ್ರೆ, ಅವರಲ್ಲಿ ಹೆಚ್ಚಿನವರು ಯಂತ್ರ ಇಲ್ಲದೇನೂ ಗುಣ ಆಗ್ತಿದ್ರು. ಯಾರು ಆ ಪೈಕಿ ಅಂತ ನಮಗೆ ತಿಳಿಯಲ್ಲ. ಹಿಮ್ಮಡಿ ನೋವು ಹೆಚ್ಚಿನವರಲ್ಲಿ ಒಂದು ವರ್ಷದೊಳಗೆ ತಾನಾಗೇ ಇಳಿಯುತ್ತೆ. ಉಳಿದವರ ಪೈಕಿ ಕೆಲವರಿಗೆ ಯಂತ್ರ ನಿಜಕ್ಕೂ ಕಾಲು ಊರಿಸುತ್ತೆ. ಆ ಕೆಲವರಿಗೋಸ್ಕರವೇ ನಾನು ಇವತ್ತು ಬೇಕಾದ್ರೂ ಇನ್ನೊಂದು ಸಲ ಕೊಂಡುಕೊಳ್ತೀನಿ.

— ಹಾಗಿದ್ರೆ ನಾನೂ ಕೊಂಡುಕೊಂಡ್ರೆ ತಪ್ಪೇನು? ಸಾಗರದಿಂದ ಜನ ಇದಕ್ಕೇ ಶಿವಮೊಗ್ಗಕ್ಕೆ ಬರ್ತಾರೆ, ಮಣಿಪಾಲಕ್ಕೆ ಹೋಗ್ತಾರೆ. ನನ್ನ ಹತ್ತಿರ ಬಂದವರು ‘ಮಿಷನ್ ಇಲ್ವಾ?’ ಅಂತ ಕೇಳಿ ಹೋಗ್ತಾರೆ. ಬರೀ ವ್ಯಾಯಾಮ ಹೇಳಿಕೊಟ್ರೆ ದುಡ್ಡು ಕೊಡೋಕೆ ಮುಖ ಸಿಂಡರಿಸ್ತಾರೆ. ಬಾಡಿಗೆ ಕಟ್ಟಬೇಕಲ್ಲ ಮೇಡಂ.

— ತಪ್ಪು ಅಂತ ನಾನು ಹೇಳಲಿಲ್ಲ. ನನಗಾಗಿದ್ದು ಹೇಳ್ತೀನಿ. ಯಂತ್ರ ಬಂದ ಎರಡನೇ ತಿಂಗಳು. ಕಂತಿನ ಮೆಸೇಜು ಮೊಬೈಲಿಗೆ ಬರುತ್ತಲ್ಲ, ಆ ದಿನಗಳು. 24 ವರ್ಷದ ಹುಡುಗ, ಮೊಬೈಲ್ ಅಂಗಡಿಯಲ್ಲಿ ಕೆಲಸ, ಎರಡೂ ಹಿಮ್ಮಡಿ ನೋವು. ಬೆಳಗ್ಗೆ ಕಾಲೂರಕ್ಕಾಗಲ್ಲ ಅಂದ. ಹಿಮ್ಮಡಿ ಒತ್ತಿದೆ, ‘ಅಲ್ಲೇ’ ಅಂದ. ಶುರು ಮಾಡಿದೆ. ನಾಲ್ಕು ಸಿಟ್ಟಿಂಗ್ ಆಯ್ತು, ಸ್ವಲ್ಪ ಕಡಿಮೆ ಆಗಿದೆ ಅಂತಿದ್ದ. ಐದನೇ ವಾರ ಮಂಚದಿಂದ ಏಳುವಾಗ ಕಂಬಿ ಹಿಡ್ಕೊಂಡು ಮುದುಕನ ಹಾಗೆ ಎದ್ದ. ಏನಾಯ್ತೋ ಅಂದೆ. ‘ಏನಿಲ್ಲ ಮೇಡಂ, ಬೆಳಗ್ಗೆ ಸೊಂಟ ಸೆಟೆದಿರುತ್ತೆ, ಒಂದು ಗಂಟೆ ಓಡಾಡಿದ ಮೇಲೆ ಸರಿಹೋಗುತ್ತೆ, ಎರಡು ವರ್ಷದಿಂದ ಹೀಗೇ’ ಅಂದ.

— ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್.

— ನೀನು ಈಗ ಒಂದು ಕ್ಷಣದಲ್ಲಿ ಹೇಳಿದೆ. ನಾನು ನಿನಗೆ ಪಾಠ ಮಾಡಿದವಳು, ನನಗೆ ಐದು ವಾರ ಬೇಕಾಯ್ತು. ರುಮಟಾಲಜಿಸ್ಟ್ ಹತ್ತಿರ ಕಳಿಸಿದೆ, ಎಂಆರ್‌ಐನಲ್ಲಿ ಗೊತ್ತಾಯ್ತು, ಮಾತ್ರೆ ಶುರುವಾಯ್ತು. ಹುಡುಗ ಈಗ ಚೆನ್ನಾಗಿದ್ದಾನೆ. ಆದರೆ ಮೊದಲ ದಿನ ಕೇಳಬೇಕಾಗಿದ್ದ ಪ್ರಶ್ನೆ ನಾನು ಕೇಳಲಿಲ್ಲ. ಯಾಕೆ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೀನಿ. ‘ಹಿಮ್ಮಡಿ’ ಅನ್ನೋ ಪದ ಕಿವಿಗೆ ಬಿದ್ದ ತಕ್ಷಣ ಅವನು ನನ್ನ ಕಣ್ಣಿಗೆ ಯಂತ್ರದ ಪೇಶೆಂಟ್ ಆಗಿ ಕಂಡ. ಆವತ್ತು ರೋಗ ಗುರುತಿಸಿದ್ದು ನಾನಲ್ಲ, ನನ್ನ ಕಂತು.

— ...

— ಅದಕ್ಕೇ ಈಗ ಹಿಮ್ಮಡಿಗೆ ಕೈ ಹಾಕೋ ಮೊದಲು ಕೇಳೋದು ಕೇಳ್ತೀನಿ. ಎರಡೂ ಕಡೆ ನೋವಾ? ರಾತ್ರಿ ನೋವಿಗೆ ಎಚ್ಚರ ಆಗುತ್ತಾ? ಉರಿ, ಜೋಮು ಇದೆಯಾ? ಸಕ್ಕರೆ ಕಾಯಿಲೆ ಎಷ್ಟು ವರ್ಷದ್ದು, ಅಂಗಾಲಿಗೆ ಸ್ಪರ್ಶ ತಿಳಿಯುತ್ತಾ? ಹಿಮ್ಮಡಿ ಮೂಳೆಯನ್ನ ಎರಡೂ ಪಕ್ಕದಿಂದ ಅಂಗೈಯಲ್ಲಿ ಹಿಂಡಿದ್ರೆ ಚೀರ್ತಾರಾ? ಚೀರಿದ್ರೆ ಅದು ಮೂಳೆಯ ಬಿರುಕೂ ಇರಬಹುದು. ಹೃದಯದ ಕವಾಟ ಹಾಕಿಸ್ಕೊಂಡು ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ದಾರಾ? ಹಿಂದಿನ ತಿಂಗಳು ಯಾರಾದ್ರೂ ಹಿಮ್ಮಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದಾರಾ? ಕೊಟ್ಟಿದ್ರೆ ಆರು ವಾರ ಕಾಯಿ. ಬಸುರಿಯರಿಗೆ ಇಲ್ಲ. ಗಡ್ಡೆಯ ಅನುಮಾನ, ಸೋಂಕು ಇದ್ದ ಜಾಗಕ್ಕೆ ಇಲ್ಲ. ಬೆಳೆಯೋ ಮಕ್ಕಳ ಮೂಳೆಯ ತುದಿಗೆ ಇಲ್ಲ. ಇದೆಲ್ಲ ಪುಸ್ತಕದಲ್ಲಿದೆ, ನಿನಗೂ ಗೊತ್ತು. ಕಷ್ಟ ಇರೋದು ‘ನಿಮಗೆ ಇದು ಬೇಡ’ ಅನ್ನೋದರಲ್ಲಿ. ಎದುರಿಗೆ ಯಂತ್ರ ಮಿಣುಕ್ತಿರುತ್ತೆ, ಅವರು ದುಡ್ಡು ಹಿಡ್ಕೊಂಡೇ ಬಂದಿರ್ತಾರೆ.

— ಬೇಡ ಅಂದ್ರೆ ಬೇಜಾರು ಮಾಡ್ಕೊಳ್ಳಲ್ವಾ?

— ಮಾಡ್ಕೊಳ್ತಾರೆ. ಕೆಲವರು ಬೇರೆ ಕಡೆ ಹೋಗಿ ಮಾಡಿಸ್ಕೊಳ್ತಾರೆ. ನಿಮ್ಮ ಕಡೆಯ ಹೆಂಗಸರನ್ನೇ ತಗೊ. ಅಡಿಕೆ ಸುಲಿಯೋ ಕಾಲ ಬಂದ್ರೆ ಮೊಣಕೈ ನೋವಿನವರು ಎಷ್ಟು ಜನ?

— ನವೆಂಬರಿನಿಂದ ಶುರು. ಬೆಳಗಿನಿಂದ ರಾತ್ರಿವರೆಗೆ ಒಂದೇ ಭಂಗಿಯಲ್ಲಿ ಕೂತು ಸುಲೀತಾರೆ. ಎಷ್ಟು ಸುಲಿದರೋ ಅಷ್ಟಕ್ಕೆ ಕೂಲಿ. ಮೊಣಕೈ, ಹೆಬ್ಬೆರಳಿನ ಬುಡ, ಕುತ್ತಿಗೆ. ಈ ಯಂತ್ರ ತಂದ್ರೆ ಮೊದಲು ಅವರಿಗೇ ಅಂತ ಅಂದ್ಕೊಂಡಿದ್ದೆ.

— ಮೊಣಕೈಗೆ ಆಧಾರ ತೀರ ತೆಳು. 2005ರ ಕಾಕ್ರೇನ್ ವಿಮರ್ಶೆ ಟೆನಿಸ್ ಎಲ್ಬೋಗೆ ಇದರಿಂದ ಲಾಭ ಇಲ್ಲ, ಇದ್ದರೂ ಅತ್ಯಲ್ಪ ಅಂತು. ಭುಜದ ರೊಟೇಟರ್ ಕಫ್ ನೋವಿಗೆ 2020ರಲ್ಲಿ 32 ಅಧ್ಯಯನ ಸೇರಿಸಿ ನೋಡಿದವರೂ, ಜನರಿಗೆ ಗೊತ್ತಾಗೋ ಅಷ್ಟು ಲಾಭ ವಿರಳ ಅಂದ್ರು. ಅದೆಲ್ಲ ಒಂದು ಕಡೆ ಇರಲಿ. ಸೋಮವಾರ ನೀನು 2,000 ಪೆಟ್ಟು ಕೊಟ್ಟು ಕಳಿಸ್ತೀಯ, ಮಂಗಳವಾರ ಅವರು ಮತ್ತೆ ಕತ್ತಿಯ ಮುಂದೆ ಕೂರ್ತಾರೆ. ಕೂರದೆ ಇರೋ ಹಾಗಿಲ್ಲ, ವರ್ಷದ ದುಡಿಮೆ ಆ ಎರಡು ಮೂರು ತಿಂಗಳಲ್ಲಿದೆ. ಅಂಥವರ ಒಂದು ದಿನದ ಕೂಲಿಗಿಂತ ಹೆಚ್ಚು ಒಂದು ಸಿಟ್ಟಿಂಗಿಗೆ ತಗೊಳ್ಳೋಕೆ ನನ್ನ ಮನಸ್ಸು ಒಪ್ಪಲ್ಲ. ಒಂದು ಬೆಲ್ಟ್ ಕೊಡ್ತೀನಿ, ಗಂಟೆಗೊಮ್ಮೆ ಎದ್ದು ಕೈ ಕೊಡವಿ ಬರೋಕೆ ಹೇಳ್ತೀನಿ, ಮುಂಗೈಗೆ ಮೆಲ್ಲಗೆ ಭಾರ ಹೊರಿಸೋ ವ್ಯಾಯಾಮ ಹೇಳಿಕೊಡ್ತೀನಿ. ಸುಗ್ಗಿ ಮುಗಿದ ಮೇಲೂ ನೋವು ಉಳಿದ್ರೆ ಆಗ ಬನ್ನಿ ಅಂತೀನಿ. ಹೆಚ್ಚಿನವರು ಬರೋ ಪ್ರಸಂಗವೇ ಇರಲ್ಲ.

— ಹಿಮ್ಮಡಿಗೆ?

— ಹಿಮ್ಮಡಿಗೂ ವ್ಯಾಯಾಮ ಮೊದಲು. 2014ರಲ್ಲಿ ಡೆನ್ಮಾರ್ಕಿನ ರಾಥ್ಲೆಫ್ 48 ಜನರಿಗೆ ಒಂದು ಸಾದಾ ವ್ಯಾಯಾಮ ಮಾಡಿಸಿದ್ರು. ಮೆಟ್ಟಿಲ ಅಂಚಿನಲ್ಲಿ ಒಂಟಿಕಾಲಲ್ಲಿ ನಿಲ್ಲು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ಲು, ಮೂರು ಸೆಕೆಂಡು ಏರು, ಎರಡು ಸೆಕೆಂಡು ನಿಲ್ಲು, ಮೂರು ಸೆಕೆಂಡು ಇಳಿ. ದಿನ ಬಿಟ್ಟು ದಿನ. ಶಕ್ತಿ ಬಂದ ಹಾಗೆ ಬೆನ್ನಿಗೆ ಪುಸ್ತಕ ತುಂಬಿದ ಚೀಲ. ಬರೀ ಎಳೆಯೋ ವ್ಯಾಯಾಮ ಮಾಡಿದವರಿಗಿಂತ ಇವರು ಮೂರು ತಿಂಗಳಿಗೆ ಮುಂದಿದ್ರು. ಇದಕ್ಕೆ ಬೇಕಾದ್ದು ಒಂದು ಮೆಟ್ಟಿಲು, ಒಂದು ಟವೆಲ್ಲು.

— ನಮ್ಮಲ್ಲಿ ಇನ್ನೊಂದು ಸಮಸ್ಯೆ ಮೇಡಂ. ಈಗ ಎಲ್ಲರ ಮನೆಗೂ ಗ್ರಾನೈಟು, ಟೈಲ್ಸು. ಬರಿಗಾಲಲ್ಲಿ ಅಡಿಗೆಮನೆಯಲ್ಲಿ ನಾಲ್ಕು ಗಂಟೆ ನಿಲ್ತಾರೆ. ಮನೆಯೊಳಗೆ ಮೆತ್ತನೆ ಚಪ್ಪಲಿ ಹಾಕ್ಕೊಳ್ಳಿ ಅಂದ್ರೆ ಅತ್ತೆ ಬೈತಾರೆ ಅಂತಾರೆ.

— ಹೌದು, ಅದು ನಿಜವಾದ ತೊಡಕು. ದೇವರ ಕೋಣೆ ಪಕ್ಕದಲ್ಲೇ ಅಡಿಗೆಮನೆ, ಚಪ್ಪಲಿ ಹೇಗೆ ಹಾಕೋದು? ನಾನು ಒಬ್ಬರ ಅತ್ತೆಯನ್ನೇ ಕರೆಸಿ ಮಾತಾಡಿದ್ದೀನಿ. ಅವರಿಗೂ ಹಿಮ್ಮಡಿ ನೋವಿತ್ತು! ಕೊನೆಗೆ ಒಲೆಯ ಮುಂದೆ ದಪ್ಪ ಮ್ಯಾಟ್ ಹಾಕ್ಕೊಳ್ಳೋದು ಅಂತ ಆಯ್ತು, ಇಬ್ಬರೂ ಅದರ ಮೇಲೆ ನಿಲ್ತಾರೆ. ಒಗೆದಿಟ್ಟ ಹೊಸ ಜೋಡಿ ಒಳಗೆ ಮಾತ್ರ, ಹೊರಗೆ ಮೆಟ್ಟಲ್ಲ ಅಂದ್ರೆ ಕೆಲವು ಮನೆಯವರು ಒಪ್ತಾರೆ. ಈ ಮಾತಿಗೆ ಇಪ್ಪತ್ತು ನಿಮಿಷ ಹಿಡಿಯುತ್ತೆ. ಯಂತ್ರಕ್ಕೆ ಮೂರೂಕಾಲು ನಿಮಿಷ. ದುಡ್ಡು ಬರೋದು ಮೂರೂಕಾಲು ನಿಮಿಷಕ್ಕೆ, ಅದೇ ನಮ್ಮ ಕಷ್ಟ. ನಾನು ಈಗ ಎರಡನ್ನೂ ಸೇರಿಸಿ ಒಂದೇ ಫೀಸು ಇಟ್ಟಿದ್ದೀನಿ, ಪಟ್ಟಿಯನ್ನ ಹೊರಗೆ ತೂಗುಹಾಕಿದ್ದೀನಿ. ಆವತ್ತು ಯಂತ್ರ ಓಡಿಸಿದ್ರೂ ಅಷ್ಟೇ, ಓಡಿಸದೆ ಮೆಟ್ಟಿಲು ಹತ್ತಿಸಿದ್ರೂ ಅಷ್ಟೇ.

— ಅದರಿಂದ ವರಮಾನ ಇಳೀಲಿಲ್ವಾ?

— ಮೊದಲ ವರ್ಷ ಇಳೀತು. ಆದರೆ ಸ್ವಿಚ್ ಒತ್ತೋ ಕೈ ಹಗುರ ಆಯ್ತು. ಸರಿ, ಈಗ ನಿನ್ನ ಕಾಗದ ತೆಗಿ. ತಿಂಗಳಿಗೆ 125 ಸಿಟ್ಟಿಂಗ್ ಅಂತಿದೆ. ಒಬ್ಬರಿಗೆ ವಾರಕ್ಕೊಂದರಂತೆ 5 ಸಿಟ್ಟಿಂಗ್ ಅಂದ್ರೆ ಪ್ರತಿ ತಿಂಗಳೂ ಎಷ್ಟು ಹೊಸ ಜನ ಬೇಕು?

— 25.

— ನಿನ್ನ ಪೇಶೆಂಟ್ ರಿಜಿಸ್ಟರ್ ಮೊಬೈಲಲ್ಲಿದೆ ಅಂದಿದ್ದೆಯಲ್ಲ. ಹಿಂದಿನ ಮೂರು ತಿಂಗಳದ್ದು ತೆಗಿ. ಹಿಮ್ಮಡಿ, ಅಕಿಲಿಸ್, ಸೊಂಟದ ಪಕ್ಕದ ಟೆಂಡನ್. ಆರು ತಿಂಗಳು ಮೀರಿದ ನೋವು. ವ್ಯಾಯಾಮ ಸರಿಯಾಗಿ ಮಾಡಿಯೂ ಇಳಿಯದವರು. ಈಗ ಹೇಳಿದ ಯಾವ ಅಡ್ಡಿಯೂ ಇಲ್ಲದವರು. ಎಣಿಸು, ನಾನು ಕಾಫಿ ತರಿಸ್ತೀನಿ.

— ... 17. ಅಲ್ಲ, ಇವರಲ್ಲಿ ಇಬ್ಬರು ವಾರ್ಫರಿನ್ ತಗೊಳ್ತಿದ್ದಾರೆ. ಇವರಿಗೆ ನೋವು ಶುರುವಾಗಿ ಎರಡೇ ತಿಂಗಳು. ಈ ಮೂವರು ವ್ಯಾಯಾಮ ಮಾಡೇ ಇಲ್ಲ, ನಂಗೆ ಗೊತ್ತು. 11 ಮೇಡಂ.

— 11 ಜನ, 5ರಂತೆ 55 ಸಿಟ್ಟಿಂಗ್, ಮೂರು ತಿಂಗಳಿಗೆ. ತಿಂಗಳಿಗೆ 18.

— ಹದಿನೆಂಟು ಸಾವಿರ. ಕಂತು ಮೂವತ್ತು.

— ಗುಂಡು, ತುದಿ, ಒಳಗಿನ ರಬ್ಬರ್ ಉಂಗುರ ಸವೆದಾಗ ಬದಲಿಸೋ ಖರ್ಚು ನಾನು ಸೇರಿಸಿಲ್ಲ. ಬರೀ ಕಂತಿಗೇ ತಿಂಗಳಿಗೆ ಇನ್ನೂ 12 ಸಿಟ್ಟಿಂಗ್ ಬೇಕು. ಆ ಹನ್ನೆರಡು ಯಾರ ಮೈಮೇಲೆ ನಡೆಯುತ್ತೆ?

— ಎರಡು ತಿಂಗಳ ನೋವಿನವರ ಮೇಲೆ. ಅಡಿಕೆ ಸುಲಿಯೋರ ಮೇಲೆ.

— ಇನ್ನೊಂದು ದಾರಿಯೂ ಇದೆ, ಮಾರೋರು ಅದನ್ನ ಮೆಲ್ಲಗೆ ಹೇಳಿರ್ತಾರೆ. ಗಂಡಸರ ದೌರ್ಬಲ್ಯಕ್ಕೆ ಅಂತ.

— ಹೇಳಿದ್ರು. ಅದಕ್ಕೆ ಬೇರೆ ತುದಿ ಬರುತ್ತೆ, ಒಂದಕ್ಕೆ ಮೂರು ಪಟ್ಟು ತಗೋಬಹುದು ಅಂದ್ರು.

— ಅಮೆರಿಕದ ಮೂತ್ರರೋಗ ತಜ್ಞರ ಸಂಘ 2018ರ ಮಾರ್ಗಸೂಚಿಯಲ್ಲಿ ಅದನ್ನ ಇನ್ನೂ ಪ್ರಯೋಗದ ಹಂತದ್ದು ಅಂತ ಬರೆದಿದೆ. ಅಧ್ಯಯನ ನಡೆದಿರೋದೂ ಹೆಚ್ಚಾಗಿ ಫೋಕಸ್ಡ್‌ನಂಥ ಯಂತ್ರಗಳಲ್ಲಿ. ನಾಚಿಕೆಯಿಂದ ಯಾರಿಗೂ ಹೇಳಿಕೊಳ್ಳಲಾರದವರು ಆ ಬಾಗಿಲಿಗೆ ಬರ್ತಾರೆ, ಮೋಸ ಹೋದರೂ ಯಾರಿಗೂ ಹೇಳಲ್ಲ. ಅದು ನಮ್ಮ ಕೆಲಸ ಅಲ್ಲಪ್ಪ, ಅದರ ಹತ್ತಿರ ಹೋಗ್ಬೇಡ.

— ಹೋಗಲ್ಲ. ಆದರೆ ಮೇಡಂ, ಈ 11 ಜನ? ಇದರಲ್ಲಿ ಒಬ್ಬರು ಹೈಸ್ಕೂಲ್ ಟೀಚರ್. ಹದಿನಾಲ್ಕು ತಿಂಗಳ ನೋವು. ಮೆಟ್ಟಿಲು, ಟವೆಲ್ಲು, ಚಪ್ಪಲಿ ಎಲ್ಲ ಮಾಡಿದ್ದಾರೆ, ಒಂದು ದಿನ ತಪ್ಪಿಸಿಲ್ಲ. ಈಗಲೂ ಬೆಳಗ್ಗೆ ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗ್ತಾರೆ. ಬೋರ್ಡಿನ ಮುಂದೆ ಕುರ್ಚಿ ಹಾಕ್ಕೊಂಡು ಪಾಠ ಮಾಡೋಕೆ ಅವರಿಗೆ ಅವಮಾನ ಆಗುತ್ತೆ. ಯಂತ್ರ ತರಬೇಕು ಅಂತ ನಂಗೆ ಅನ್ನಿಸಿದ್ದೇ ಅವರನ್ನ ನೋಡಿ. ಲೆಕ್ಕ ಆಮೇಲೆ ಬಂದಿದ್ದು.

— ಅದನ್ನ ನೀನು ಮೊದಲೇ ಹೇಳ್ಬೇಕಿತ್ತು. ಅವರಿಗೋಸ್ಕರವೇ ಈ ಯಂತ್ರ ಇರೋದು.

— ವಾರಕ್ಕೊಂದೇ ಸಲ ಅಲ್ವಾ ಕೊಡೋದು... ಮೇಡಂ, ವಾರಕ್ಕೊಂದೇ ಸಲ ಆದ್ರೆ ಸಾಗರದಲ್ಲಿ ಯಂತ್ರ ಇರಬೇಕಾದ್ದು ವಾರಕ್ಕೆ ಒಂದೇ ದಿನ.

— ಹೇಳು.

— ತೀರ್ಥಹಳ್ಳಿಯಲ್ಲಿ ನನ್ನ ಕ್ಲಾಸ್‌ಮೇಟ್ ಇದ್ದಾನೆ. ಶಿಕಾರಿಪುರದಲ್ಲಿ ಒಬ್ಬಳಿದ್ದಾಳೆ, ಹೊಸನಗರದಲ್ಲಿ ಇನ್ನೊಬ್ಬ. ನಾಲ್ಕು ಜನ ಸೇರಿ ಒಂದು ಯಂತ್ರ. ಒಬ್ಬೊಬ್ಬರ ಪಾಲಿಗೆ ಕಂತು ಏಳೂವರೆ ಸಾವಿರ. ನಂಗೆ ತಿಂಗಳಿಗೆ 18 ಸಿಟ್ಟಿಂಗ್ ಇದ್ರೆ ಸಾಕು, ಒಂದು ಹೆಚ್ಚು ಬೇಡ. ಟ್ರಾಲಿ ಬದಲು ಪೆಟ್ಟಿಗೆಯಲ್ಲಿ ಹೊತ್ತೊಯ್ಯೋ ಮಾದರಿ ಇದೆ ಅಂದಿದ್ರು, ಆಗ ನಾನೇ ಬೇಡ ಅಂದಿದ್ದೆ. ನೋಡೋಕೆ ಸಣ್ಣದು ಅಂತ.

— ಕಂಪ್ರೆಸರ್ ಒಳಗೇ ಇರೋದನ್ನ ಕೇಳು. ಘಾಟಿ ರಸ್ತೆಯ ಕುಲುಕಾಟ ತಡೆಯುತ್ತಾ, ರಿಪೇರಿಗೆ ಮನುಷ್ಯ ಎಲ್ಲಿಂದ ಬರ್ತಾನೆ, ಬದಲಿ ಹ್ಯಾಂಡ್‌ಪೀಸ್ ಎಷ್ಟು ದಿನದಲ್ಲಿ ಸಿಗುತ್ತೆ, ಬರೆಸ್ಕೊ. 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಆಮದು ಪರವಾನಗಿ ಇದೆಯಾ, ಅದರ ಪ್ರತಿ ಕೇಳು. ನಾಲ್ಕೂ ಕಡೆ ಕ್ಲಿನಿಕ್ಕಿನ ಕೆಪಿಎಂಇ ನೋಂದಣಿ ಸರಿಯಾಗಿದೆಯಾ ನೋಡ್ಕೊ. ಯಂತ್ರ ಕೆಟ್ಟ ವಾರ ಯಾರು ಯಾರಿಗೆ ಏನು ಹೇಳ್ಬೇಕು ಅನ್ನೋದನ್ನೂ ನಾಲ್ಕು ಜನ ಮೊದಲೇ ಮಾತಾಡ್ಕೊಳ್ಳಿ, ಗೆಳೆತನ ಕೆಡೋದು ಅಂಥ ಕಡೆ.

— ಮಳೆಗಾಲದಲ್ಲಿ ಹೊಸನಗರಕ್ಕೆ ಒಯ್ಯೋದು ಕಷ್ಟ ಆಗುತ್ತೆ.

— ಆಗ ಹೊಸನಗರದವರು ಸಾಗರಕ್ಕೆ ಬರಲಿ. ಮೊದಲು ನಿನ್ನ ಟೀಚರ್ ವಿಷಯ. ಅವರಿಗೆ ಯಾವ ದಿನ ರಜ?

— ಶನಿವಾರ ಮಧ್ಯಾಹ್ನದ ಮೇಲೆ ಬಿಡುವು.

— ಈ ಶನಿವಾರ ಕರ್ಕೊಂಡು ಬಾ. ಐದು ವಾರ ನನ್ನ ಯಂತ್ರದಲ್ಲಿ ಮಾಡೋಣ, ಹ್ಯಾಂಡ್‌ಪೀಸ್ ನೀನು ಹಿಡಿ. ಬೆಳಗಿನ ಮೊದಲ ಹೆಜ್ಜೆಯ ನೋವು ಹತ್ತಕ್ಕೆ ಎಷ್ಟು ಅಂತ ಇವತ್ತೇ ಫೋನ್ ಮಾಡಿ ಕೇಳಿ ಬರೆದಿಟ್ಕೊ, ಆಮೇಲೆ ಕೇಳಿದ್ರೆ ಹೋಲಿಸೋಕೆ ಏನೂ ಇರಲ್ಲ. ಸಿಟ್ಟಿಂಗ್ ಆದ ದಿನ ಕೆಂಪಗಾಗಬಹುದು, ಎರಡು ದಿನ ನೋವು ಹೆಚ್ಚಾಗಬಹುದು, ಅಂತ ಹೇಳು. ಊತದ ಮಾತ್ರೆ ನುಂಗ್ತಿದ್ರೆ ಅವರ ಡಾಕ್ಟರನ್ನ ಕೇಳಿ ಆ ವಾರಗಳಲ್ಲಿ ಬಿಡಬಹುದಾ ನೋಡು. ಫಲ ತಿಳಿಯೋಕೆ ಮೂರು ತಿಂಗಳು ಬೇಕು ಅಂತ ಹೇಳು. ಆಗದೇ ಇರಬಹುದು ಅಂತಲೂ ಹೇಳು, ಅದನ್ನ ಮೊದಲ ದಿನವೇ.

— ಆಗದೇ ಇರಬಹುದು ಅಂದ್ರೆ ಬರ್ತಾರಾ ಮೇಡಂ?

— ಹದಿನಾಲ್ಕು ತಿಂಗಳು ಒಂದು ದಿನ ತಪ್ಪಿಸದೆ ಮೆಟ್ಟಿಲು ಹತ್ತಿದವರು ಅಂದೆಯಲ್ಲ. ಫೋನ್ ಮಾಡು, ನಾನು ಕಾಫಿ ಬಿಸಿ ಮಾಡಿಸ್ತೀನಿ.

— ರಿಂಗ್ ಆಗ್ತಿದೆ... ನಮಸ್ಕಾರ ಟೀಚರ್, ನಾನು ಫಿಸಿಯೋ ಕ್ಲಿನಿಕ್ಕಿನವನು. ಒಂದು ವಿಷಯ ಕೇಳಬೇಕಿತ್ತು. ಇವತ್ತು ಬೆಳಗ್ಗೆ ಮಂಚದಿಂದ ಇಳಿದು ಮೊದಲನೇ ಸಲ ಕಾಲೂರಿದಾಗ, ನೋವು ಹತ್ತಕ್ಕೆ ಎಷ್ಟಿತ್ತು?